ತಡವರಿಸಿದ್ದು ಕನ್ನಡವಲ್ಲ

“ಕನ್ನಡ ತೆಗೆದುಬಿಡಿ, ಆಪ್ ತಾನಾಗೇ ಓಡುತ್ತೆ.” ಒಂದು ಅಡಿಕೆ ಸುಗ್ಗಿ ಪೂರ್ತಿ ನನ್ನ ಕಿವಿಗೆ ಬಿದ್ದದ್ದು ಈ ಮಾತು. ಮಂಡಿ ಯಜಮಾನರ ಮಗ ಹೇಳಿದರು, ನಮ್ಮ ಆಫೀಸಿನ ಹಿರಿಯರು ಹೇಳಿದರು, ಸಲಹೆಗೆಂದು ಬೆಂಗಳೂರಿನಿಂದ ಕರೆಸಿದವರು ಬೋರ್ಡಿನ ಮೇಲೆ ಚಿತ್ರ ಬರೆದು ಹೇಳಿದರು. ಹೇಳಿದವರು ಯಾರೂ ಕೆಟ್ಟವರಲ್ಲ. ಕೆಲಸ ಮುಗಿಯಬೇಕಿತ್ತು, ಹೊತ್ತು ಮೀರುತ್ತಿತ್ತು, ಸುಲಭಕ್ಕೆ ಕೈಗೆ ಸಿಕ್ಕ ಕಾರಣ ಅದಾಗಿತ್ತು. ಆದರೆ ಆ ಆಪ್‌ನಲ್ಲಿ ಇದ್ದದ್ದು ಗುಬ್ಬಿ, ಕುಣಿಗಲ್ ತಾಲ್ಲೂಕಿನ ರೈತರ ಹೆಸರು, ಅವರ ಊರು, ಅವರ ಮಾಲು. ಅದನ್ನು ಇಂಗ್ಲಿಷ್ ಅಕ್ಷರಕ್ಕೆ ತಿರುಗಿಸಿದರೆ ನಿಟ್ಟೂರಿನ ಮುದುಕರೊಬ್ಬರು ತಮ್ಮ ಲಾಟು ಯಾವುದೆಂದು ಯಾರನ್ನು ಕೇಳಬೇಕು? ಈ ಪ್ರಶ್ನೆಗೆ ಯಾರ ಹತ್ತಿರವೂ ಉತ್ತರ ಇರಲಿಲ್ಲ. ಹಾಗಾಗಿ ನಾನು ಒಪ್ಪಲಿಲ್ಲ. ಒಪ್ಪದೆ ಇದ್ದುದಕ್ಕೆ ಏನೇನು ಪಟ್ಟೆ ಅನ್ನುವುದನ್ನು ಬರೆಯುತ್ತಿದ್ದೇನೆ.

ನಾನು ಕುಣಿಗಲ್ಲಿನವಳು. ಕೆಲಸ ತುಮಕೂರಿನಲ್ಲಿ, ಬಿ.ಎಚ್. ರಸ್ತೆ ಹತ್ತಿರದ ಒಂದು ಸಣ್ಣ ಸಾಫ್ಟ್‌ವೇರ್ ಆಫೀಸಿನಲ್ಲಿ. ಹೋಗಿಬರುವುದು ಬಸ್ಸಿನಲ್ಲಿ. ನಮಗೆ ಬಂದದ್ದು ಗುಬ್ಬಿಯ ಒಂದು ಅಡಿಕೆ, ಕೊಬ್ಬರಿ ಮಂಡಿಯ ಕೆಲಸ. ಬೇರೆ ಯಾರೋ ಅರ್ಧ ಕಟ್ಟಿ ಬಿಟ್ಟುಹೋಗಿದ್ದ ಐಫೋನ್ ಆಪ್. 2014ರಲ್ಲಿ ಆನ್‌ಲೈನ್ ಮಾರುಕಟ್ಟೆಗೆಂದು ರೆಮ್ಸ್ ಸಂಸ್ಥೆ ಹುಟ್ಟಿದ ಮೇಲೆ ನಮ್ಮ ರಾಜ್ಯದ ಎಪಿಎಂಸಿಗಳಲ್ಲಿ ಟೆಂಡರ್ ಬೆಲೆ ನಮೂದಿಸುವುದು ಕಂಪ್ಯೂಟರಿಗೆ ಬಂತು. ನಮ್ಮ ಆಪ್ ಆ ಟೆಂಡರಿನದಲ್ಲ. ಟೆಂಡರಿಗೆ ಮುಂಚೆ ಯಾರ ಮಾಲು ಬಂದಿದೆ, ಎಷ್ಟು ಚೀಲ, ಏನು ತೂಕ, ನೋಡಲು ಹೇಗಿದೆ ಎಂದು ಹೊರ ಊರಿನ ವರ್ತಕರು ತಾವಿದ್ದಲ್ಲೇ ನೋಡಿಕೊಳ್ಳಲು ಮಂಡಿಯವರು ಮಾಡಿಸಿಕೊಂಡದ್ದು. ಒಂದೊಂದು ಲಾಟಿಗೆ ಒಂದೊಂದು ಸಾಲು: ರೈತರ ಹೆಸರು, ಊರು, ಸರಕು, ಚೀಲ, ತೂಕ, ತಾರೀಕು, ಪಕ್ಕದಲ್ಲಿ ಮಾಲಿನ ಫೋಟೋ. ಬೆರಳಲ್ಲಿ ಮೇಲಕ್ಕೆ ತಳ್ಳುತ್ತಾ ನೋಡಿಕೊಂಡು ಹೋಗಬೇಕು. ಆಪ್ ಅಂದರೆ ಇಷ್ಟೇ, ಒಂದು ಉದ್ದನೆಯ ಪಟ್ಟಿ.

ಗುಬ್ಬಿಯಲ್ಲಿ ಐಫೋನ್ ಯಾಕೆ ಎಂದು ಕೇಳುವವರಿದ್ದಾರೆ. ಮಂಡಿ ಮನೆಗಳಲ್ಲಿ, ವರ್ತಕರಲ್ಲಿ ಅದು ಇದೆ. ಮಕ್ಕಳು ಹೊಸದು ತಗೊಂಡಾಗ ಹಳೆಯದು ಮಂಡಿಯಲ್ಲಿ ಲೆಕ್ಕ ಬರೆಯುವ ರೈಟರ ಕೈಗೆ ಬರುತ್ತದೆ. ನಮ್ಮ ರೈಟರ ಹತ್ತಿರ ಇದ್ದದ್ದು 2015ರ 6ಎಸ್. ಗಾಜಿನ ಒಂದು ಮೂಲೆ ಸೀಳಿತ್ತು, ಹಿಂದೆ ರಬ್ಬರ್ ಬ್ಯಾಂಡು ಹಾಕಿ ಒಂದು ಬಿಳಿ ಚೀಟಿ ಸಿಕ್ಕಿಸಿದ್ದರು. ಆ ಫೋನಿನಲ್ಲಿ ನಮ್ಮ ಪಟ್ಟಿ ನಡೆಯುತ್ತಿರಲಿಲ್ಲ, ಕುಂಟುತ್ತಿತ್ತು. ಬೆರಳು ಮೇಲೆ ಹೋದ ಮೇಲೆ ಸಾಲು ಹಿಂದಿನಿಂದ ಬರುತ್ತಿತ್ತು. ಜೋರಾಗಿ ತಳ್ಳಿದರೆ ನಿಂತುಬಿಡುತ್ತಿತ್ತು, ಆಮೇಲೆ ಒಂದೇ ಸಲಕ್ಕೆ ಎಲ್ಲೋ ಹಾರುತ್ತಿತ್ತು. ಸ್ವಲ್ಪ ಹೊತ್ತು ಹೀಗೆ ಮಾಡಿದರೆ ಆಪ್ ಮುಚ್ಚಿಯೇ ಹೋಗುತ್ತಿತ್ತು.

ಆ ಫೋನಿನ ತೆರೆ ಸೆಕೆಂಡಿಗೆ 60 ಸಲ ಹೊಸದಾಗುತ್ತದೆ. ಒಂದು ಸಲಕ್ಕೆ ಸಿಗುವ ಕಾಲ 16.67 ಮಿಲಿಸೆಕೆಂಡು. ಸೆಕೆಂಡಿಗೆ 120 ಸಲ ಹೊಸದಾಗುವ ಈಚಿನ ಪ್ರೊ ಫೋನುಗಳಲ್ಲಿ ಅದರ ಅರ್ಧ. ಅಷ್ಟರೊಳಗೆ ಮುಂದಿನ ಸಾಲು ಸಿದ್ಧವಾಗಿ ನಿಲ್ಲಬೇಕು, ಇಲ್ಲದಿದ್ದರೆ ಹಳೆಯ ಚಿತ್ರವೇ ಇನ್ನೊಂದು ಸರದಿ ಉಳಿಯುತ್ತದೆ. ಕಣ್ಣಿಗೆ ಕಾಣುವ ತಡವರಿಕೆ ಅದೇ. ಬೆರಳಿನ ಸ್ಪರ್ಶ ಗಮನಿಸುವುದು, ಸಾಲು ಜೋಡಿಸುವುದು, ಅಕ್ಷರ ಕೂಡಿಸುವುದು, ಇದೆಲ್ಲಾ ನಡೆಯುವುದು ಮುಖ್ಯ ಥ್ರೆಡ್ ಎಂಬ ಒಂದೇ ಕೆಲಸದ ಎಳೆಯಲ್ಲಿ. ಅದರ ತಲೆ ಮೇಲೆ ಬೇರೆ ಹೊರೆ ಹೊರಿಸಿದರೆ ಪಟ್ಟಿ ನಿಲ್ಲುತ್ತದೆ. ಆಪಲ್ ಕಂಪನಿಯೇ ಇದಕ್ಕೊಂದು ಅಳತೆ ಕೊಟ್ಟಿದೆ: ಉರುಳಿಸುವಾಗ ಸೆಕೆಂಡಿಗೆ 5 ಮಿಲಿಸೆಕೆಂಡಿಗಿಂತ ಕಡಿಮೆ ತಡವಾದರೆ ಪರವಾಗಿಲ್ಲ, 10 ದಾಟಿದರೆ ಗಂಭೀರ. ನಮ್ಮದು ಯಾವ ಗುಂಪಿನಲ್ಲಿತ್ತು ಎಂದು ಹೇಳಬೇಕಾಗಿಲ್ಲ.

ಕಷ್ಟ ಏನೆಂದರೆ ಆಫೀಸಿನಲ್ಲಿ ಅದು ಚೆನ್ನಾಗಿಯೇ ಓಡುತ್ತಿತ್ತು. ಅಲ್ಲಿ ಎಲ್ಲರೂ ನೋಡುತ್ತಿದ್ದದ್ದು ಸಿಮ್ಯುಲೇಟರಿನಲ್ಲಿ. ಅದು ಮ್ಯಾಕ್ ಕಂಪ್ಯೂಟರಿನ ಶಕ್ತಿಯಲ್ಲಿ ಓಡುವಂಥದ್ದು, ಫೋನಿನ ಬಡತನ ಅದಕ್ಕೆ ಗೊತ್ತಿಲ್ಲ. ಹಿರಿಯರು ತಮ್ಮ ಹೊಸ ಫೋನಿನಲ್ಲಿ ಹಾಕಿಕೊಂಡು “ಎಲ್ಲಿದೆ ಪ್ರಾಬ್ಲಂ, ತೋರಿಸಿ” ಎನ್ನುತ್ತಿದ್ದರು. ಬೆಳಿಗ್ಗೆ ಮಂಡಿಯಿಂದ ವಾಟ್ಸ್ಆಪ್‌ನಲ್ಲಿ ವಿಡಿಯೋ ಬರುತ್ತಿತ್ತು: ಪಟ್ಟಿ ನಿಂತಿದೆ, ಹಿನ್ನೆಲೆಯಲ್ಲಿ ಯಾರೋ ಬೈಯುತ್ತಿದ್ದಾರೆ. ಹಣ ಕೊಡುವುದನ್ನು ಮಂಡಿಯವರು ನಿಲ್ಲಿಸಿದರು. ಆಫೀಸಿನಲ್ಲಿ ಸಂಬಳ ತಡವಾಯಿತು, ನನ್ನೊಬ್ಬಳದಲ್ಲ, ಎಲ್ಲರದೂ. ಜೊತೆಯವರು ಬಾಯಿಬಿಟ್ಟು ಏನೂ ಅನ್ನಲಿಲ್ಲ. ಊಟದ ಹೊತ್ತಿಗೆ ನನ್ನ ಪಕ್ಕದ ಕುರ್ಚಿ ಖಾಲಿ ಇರುತ್ತಿತ್ತು. ಅದು ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

ರಾತ್ರಿ ಮನೆ ಸೇರಿ ಮತ್ತೆ ಲ್ಯಾಪ್‌ಟಾಪ್ ತೆಗೆದರೆ ಅವ್ವ ತಟ್ಟೆ ತಂದು ಪಕ್ಕಕ್ಕಿಡುತ್ತಿದ್ದರು. “ಮುದ್ದೆ ಆರೋಯ್ತದೆ, ಉಂಡು ನೋಡ್ಕೊ” ಎನ್ನುತ್ತಿದ್ದರು. ಕಣ್ಣುರಿ ಶುರುವಾಯಿತು, ಬಸ್ಸಿನಲ್ಲಿ ಕಿಟಕಿ ಬದಿ ಕೂತರೆ ನೀರು ಸುರಿಯುತ್ತಿತ್ತು. ನಿದ್ದೆಯಲ್ಲೂ ಸಾಲುಗಳು ಮೇಲಕ್ಕೆ ಹೋಗುತ್ತಿದ್ದವು.

ಇಷ್ಟಾದರೂ ತಡೆದುಕೊಂಡೆ. ತಡೆಯಲಾಗದೆ ಹೋದದ್ದು ಇಂಗ್ಲಿಷ್ ಪರೀಕ್ಷೆಯ ದಿನ. ಆಪ್‌ನಲ್ಲಿ ಭಾಷೆ ಬದಲಿಸುವ ಗುಂಡಿಯಿತ್ತು. ಎಲ್ಲರ ಎದುರಿಗೆ ರೈಟರ ಫೋನಿನಲ್ಲಿ ಇಂಗ್ಲಿಷಿಗೆ ತಿರುಗಿಸಿ ತಳ್ಳಿದರು. ಪಟ್ಟಿ ಕಣ್ಣಿಗೆ ಕಾಣುವಷ್ಟು ಸಲೀಸಾಯಿತು. ಕನ್ನಡಕ್ಕೆ ತಿರುಗಿಸಿದರು, ಕುಂಟಿತು. ಮತ್ತೆ ಇಂಗ್ಲಿಷ್, ಮತ್ತೆ ಸಲೀಸು. “ಇದಕ್ಕಿಂತ ಸಾಕ್ಷಿ ಬೇಕಾ ಮೇಡಂ?” ಎಂದರು ಯಜಮಾನರ ಮಗ. ಒತ್ತಕ್ಷರ ಇರುವ ಲಿಪಿ ಫೋನಿಗೆ ಭಾರ, ಹಾಗಾಗಿ ಈ ಥರ, ಎಂದು ಸಲಹೆಗಾರರು ವಿವರಿಸಿದರು. ಆವತ್ತು ನನ್ನ ಬಾಯಲ್ಲಿ ಮಾತಿರಲಿಲ್ಲ. ಕಣ್ಣೆದುರು ನಡೆದದ್ದನ್ನು ಅಲ್ಲಗಳೆಯುವುದು ಹೇಗೆ? ಆದರೂ ಮನಸ್ಸು ಒಪ್ಪಲಿಲ್ಲ. ಅದೇ ಫೋನಿನಲ್ಲಿ ರೈಟರು ದಿನಾ ಕನ್ನಡ ಪೇಪರು ಓದುತ್ತಿದ್ದರು. ಮೊಳದುದ್ದದ ಸುದ್ದಿ ತಡವರಿಸದೆ ಉರುಳುತ್ತಿತ್ತು. ಅಲ್ಲಿ ಭಾರವಾಗದ ಲಿಪಿ ನಮ್ಮ ಆಪ್‌ನಲ್ಲಿ ಮಾತ್ರ ಯಾಕೆ ಭಾರ?

ರೈಟರನ್ನೇ ಕೇಳಿದೆ. “ರೈಟ್ರೇ, ಈ ಫೋನು ಸ್ವಲ್ಪ ದಿನ ನನಗೆ ಕೊಡಿ. ಬದಲಿಗೆ ನನ್ನದು ಇಟ್ಟುಕೊಳ್ಳಿ.” ಅವರು ಹಿಂದೆ ಮುಂದೆ ನೋಡಲಿಲ್ಲ. ಚೀಟಿ ತೆಗೆದು ಜೇಬಿಗಿಟ್ಟುಕೊಂಡು ಫೋನು ಕೊಟ್ಟರು. “ನೋಡಮ್ಮ, ಕನ್ನಡ ತೆಗುದ್ರೆ ನಂಗೂ ಓದಕ್ಕಾಗಲ್ಲ. ಅದು ನೆನಪಿಟ್ಕೊ” ಎಂದರು. ಆ ಸುಗ್ಗಿಯಲ್ಲಿ ನನ್ನ ಪರವಾಗಿ ಬಂದ ಮಾತು ಅದೊಂದೇ.

ಅಳತೆ ಶುರುವಾದದ್ದು ಆ ಒಡೆದ ಫೋನಿನಿಂದ. ಫೋನನ್ನು ಮ್ಯಾಕ್‌ಗೆ ಜೋಡಿಸಿ ಇನ್‌ಸ್ಟ್ರುಮೆಂಟ್ಸ್ ಎಂಬ ಉಪಕರಣದ ಟೈಮ್ ಪ್ರೊಫೈಲರ್ ಹಚ್ಚಿದರೆ, ಮುಖ್ಯ ಥ್ರೆಡ್ಡಿನ ಕಾಲ ಯಾವ ಕೆಲಸದಲ್ಲಿ ಹೋಗುತ್ತಿದೆ ಎಂಬುದು ಸಾಲುಸಾಲಾಗಿ ಬಿಚ್ಚಿಕೊಳ್ಳುತ್ತದೆ. ಊಹೆಗೆ ಅಲ್ಲಿ ಜಾಗವಿಲ್ಲ. ಅಕ್ಷರ ಕೂಡಿಸುವ ಕೋರ್ ಟೆಕ್ಸ್ಟ್ ಮೇಲೆ ಎಲ್ಲರ ಬೆರಳು ಇತ್ತಲ್ಲ, ಮೊದಲು ಅದನ್ನೇ ಹುಡುಕಿದೆ. ಕೆಲಸ ಇದ್ದದ್ದು ನಿಜ. ‘ಗುಬ್ಬಿ’ ಎಂದು ಬರೆಯಲು ಯೂನಿಕೋಡಿನಲ್ಲಿ ಆರು ಸಂಕೇತ ಬೇಕು: ಗ, ಉಕಾರದ ಗುರುತು, ಬ, ಅರ್ಧ ಮಾಡುವ ಗುರುತು, ಇನ್ನೊಂದು ಬ, ಇಕಾರದ ಗುರುತು. ಇವನ್ನು ಕೂಡಿಸಿ ಒತ್ತನ್ನು ಕೆಳಗಿಟ್ಟು ಗುಡಿಸನ್ನು ಮೇಲೆ ಹಚ್ಚಬೇಕು. ಆದರೆ ಆ ಬಾಬ್ತಿಗೆ ಹೋಗುತ್ತಿದ್ದದ್ದು ಒಟ್ಟು ಕಾಲದ ತೀರ ಸಣ್ಣ ಪಾಲು. ದೊಡ್ಡ ಪಾಲು ಬೇರೆ ಕಡೆ ಸೋರುತ್ತಿತ್ತು.

ನನಗೆ ಹೊಟ್ಟೆಯುರಿದದ್ದು ಅಲ್ಲಿ ‘ನುಡಿ’ ತಂತ್ರಾಂಶದ ಗುರುತು ಕಂಡಾಗ. ಮಂಡಿಯ ಹಳೇ ಲೆಕ್ಕದ ಸಾಫ್ಟ್‌ವೇರಿನಲ್ಲಿ ರೈತರ ಹೆಸರುಗಳು ಹಳೆಯ ನುಡಿ ಫಾಂಟಿನ ಸಂಕೇತದಲ್ಲಿದ್ದವು. ಕನ್ನಡ ಗಣಕ ಪರಿಷತ್ತಿನ ಆ ತಂತ್ರಾಂಶ ನಾಡಿನ ಕಚೇರಿಗಳಿಗೆಲ್ಲ ಕನ್ನಡ ಕಲಿಸಿದ್ದು, ಅದರ ಋಣ ದೊಡ್ಡದು. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಲ್ಲೇ ಜಾಗ ಸಿಕ್ಕಿದ್ದರೂ ನಮ್ಮ ಕಂಪ್ಯೂಟರುಗಳಲ್ಲಿ ಅದು ಸರಿಯಾಗಿ ಮೂಡಲು ಬಹಳ ವರ್ಷ ಹಿಡಿಯಿತು. ಆ ನಡುಗಾಲದ ದಾಖಲೆಯೆಲ್ಲಾ ಹಳೇ ಸಂಕೇತದಲ್ಲೇ ಕೂತಿದೆ. ನಮಗೆ ಬಂದ ಕೋಡು ಏನು ಮಾಡುತ್ತಿತ್ತು ಅಂದರೆ, ಒಂದು ಸಾಲು ತೆರೆಗೆ ಬಂದಾಗಲೆಲ್ಲ ಆ ಹಳೇ ಸಂಕೇತವನ್ನು ಯೂನಿಕೋಡಿಗೆ ಪರಿವರ್ತಿಸುತ್ತಿತ್ತು. ಹೆಸರಿಗೊಂದು ಸಲ, ಊರಿಗೊಂದು ಸಲ, ಸರಕಿಗೊಂದು ಸಲ, ಒಂದೊಂದು ಸಲವೂ ಹುಡುಕಿ ಬದಲಿಸುವ ಉದ್ದದ ಸರಣಿ. ಸಾಲು ಕೆಳಗೆ ಹೋಗಿ ಮತ್ತೆ ಮೇಲೆ ಬಂದರೆ ಮತ್ತೆ ಮೊದಲಿಂದ. ಇಂಗ್ಲಿಷ್ ಹೆಸರುಗಳೋ, ಬೇರೆ ಕಾಲಂನಲ್ಲಿ ಮೊದಲೇ ಟೈಪ್ ಮಾಡಿಟ್ಟವು. ಅವಕ್ಕೆ ಪರಿವರ್ತನೆಯೇ ಇಲ್ಲ.

ತಾರೀಕಿನದೂ ಇದೇ ಕಥೆ. ಕನ್ನಡದಲ್ಲಿ ತಿಂಗಳ ಹೆಸರು ತೋರಿಸಲು ಡೇಟ್ ಫಾರ್ಮ್ಯಾಟರ್ ಬೇಕು, ತೂಕಕ್ಕೆ ನಂಬರ್ ಫಾರ್ಮ್ಯಾಟರ್. ಅವನ್ನು ಬಳಸುವುದು ಅಗ್ಗ, ಹೊಸದಾಗಿ ಹುಟ್ಟಿಸುವುದು ದುಬಾರಿ. ಈ ಕೋಡು ಪ್ರತಿ ಸಾಲಿಗೂ ಹೊಸದಾಗಿ ಹುಟ್ಟಿಸಿ ಬಿಸಾಡುತ್ತಿತ್ತು, ಅದೂ ಕನ್ನಡ ಆರಿಸಿದಾಗ ಮಾತ್ರ. ಇಂಗ್ಲಿಷಿನಲ್ಲಿ ಡೇಟಾಬೇಸಿನಲ್ಲಿದ್ದ ಅಂಕಿಗಳನ್ನು ಹಾಗೇ ಎತ್ತಿ ಇಡುತ್ತಿತ್ತು. ಎಲ್ಲರೆದುರು ನಡೆದ ಪರೀಕ್ಷೆಯಲ್ಲಿ ಗೆದ್ದದ್ದು ಇಂಗ್ಲಿಷ್ ಲಿಪಿಯಲ್ಲ. ಇಂಗ್ಲಿಷಿಗೆ ಆ ಕೋಡು ಕೆಲಸವನ್ನೇ ಕೊಟ್ಟಿರಲಿಲ್ಲ. ಇದು ಗೊತ್ತಾದಾಗ ರಾತ್ರಿ ಬಹಳ ಹೊತ್ತಾಗಿತ್ತು. ಅಳು ಬಂತು. ಅತ್ತೆ ಕೂಡ.

ಪರಿವರ್ತನೆಯನ್ನು ಪಟ್ಟಿಯಿಂದ ಕಿತ್ತು ಡೇಟಾಬೇಸಿಗೆ ಸೇರಿಸುವ ಜಾಗಕ್ಕೆ ಸಾಗಿಸಿದೆ. ಒಮ್ಮೆ ಪರಿವರ್ತಿಸಿ ಯೂನಿಕೋಡಿನಲ್ಲೇ ಇಟ್ಟರೆ ಮುಗಿಯಿತು. ಫಾರ್ಮ್ಯಾಟರುಗಳನ್ನು ಒಂದೊಂದೇ ಮಾಡಿ ಎಲ್ಲ ಸಾಲಿಗೂ ಅವನ್ನೇ ಕೊಟ್ಟೆ. ಎರಡು ಭಾಷೆಯಲ್ಲೂ ಅಳೆದೆ. ಕನ್ನಡಕ್ಕೂ ಇಂಗ್ಲಿಷಿಗೂ ಕಣ್ಣಿಗೆ ಕಾಣುವ ವ್ಯತ್ಯಾಸ ಉಳಿಯಲಿಲ್ಲ. ಎರಡೂ ಒಂದೇ ಥರ ಕುಂಟುತ್ತಿದ್ದವು! ಯಾಕೆಂದರೆ ಫೋಟೋ ಇನ್ನೂ ಹಾಗೇ ಇತ್ತು.

ಮಂಡಿಯಲ್ಲಿ ಮಾಲಿನ ಫೋಟೋ ತೆಗೆಯುವುದು 12 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ. 4032ಕ್ಕೆ 3024 ಚುಕ್ಕಿ. ಫೈಲು ಮೂರ್ನಾಲ್ಕು ಎಂಬಿ ಇರಬಹುದು, ಆದರೆ ತೆರೆಗೆ ಬರುವ ಮುಂಚೆ ಅದನ್ನು ಬಿಚ್ಚಬೇಕು. ಚುಕ್ಕಿಗೆ 4 ಬೈಟಿನಂತೆ ಬಿಚ್ಚಿದ ಚಿತ್ರ 48 ಎಂಬಿ ದಾಟುತ್ತದೆ. ಅದು ಕೂರುವುದೋ 160ಕ್ಕೆ 160 ಚುಕ್ಕಿಯ ಪುಟ್ಟ ಚೌಕದಲ್ಲಿ, ಅದಕ್ಕೆ ಬೇಕಾದದ್ದು 1,02,400 ಬೈಟು. ತೆರೆ ಮೇಲೆ ಏಳೆಂಟು ಸಾಲು ಇದ್ದರೆ ಎಷ್ಟಾಯಿತು? 6ಎಸ್‌ನಲ್ಲಿರುವ ಒಟ್ಟು ಮೆಮೊರಿ 2 ಜಿಬಿ, ಅದರಲ್ಲಿ ಫೋನಿನ ಉಳಿದ ಕೆಲಸವೂ ನಡೆಯಬೇಕು. ಆಪ್ ತಾನಾಗೇ ಮುಚ್ಚಿಹೋಗುತ್ತಿದ್ದದ್ದು ಇದಕ್ಕೇ. ಚಿತ್ರವನ್ನು ಪೂರ್ತಿ ಬಿಚ್ಚದೆ, ಬೇಕಾದ ಅಳತೆಗೇ ಇಳಿಸಿ ಬಿಚ್ಚುವ ದಾರಿಯನ್ನು ಆಪಲ್‌ನವರು 2018ರ ಸಮ್ಮೇಳನದಲ್ಲಿ ವಿವರವಾಗಿ ತೋರಿಸಿದ್ದರು. ಅದನ್ನೇ ಹಿನ್ನೆಲೆ ಥ್ರೆಡ್ಡಿನಲ್ಲಿ ನಡೆಯುವಂತೆ ಮಾಡಿದೆ. ಸರ್ವರಿನಿಂದಲೂ ಪುಟ್ಟ ಚಿತ್ರವೇ ಬರುವಂತಾಯಿತು. ಹಾಗಲವಾಡಿಯಂಥ ಹಳ್ಳಿ ಕಡೆಯ ಸಿಗ್ನಲಿನಲ್ಲಿ ಮೂರ್ನಾಲ್ಕು ಎಂಬಿಯ ಫೋಟೋ ಸಾಲಿಗೊಂದರಂತೆ ಇಳಿಸುವುದು ಅನ್ಯಾಯ.

ವೇಗ ಬಂತು. ಆದರೆ ಹಳೆಯ ಕೋಡಿನಲ್ಲಿ ಅಡಗಿದ್ದ ಇನ್ನೊಂದು ರೋಗ ಆಗ ಹೊರಬಿತ್ತು. ಸುಗ್ಗಿಯಲ್ಲಿ ನನ್ನ ಕೈಕಾಲು ತಣ್ಣಗಾದದ್ದು ಅದೊಂದೇ ಸಲ.

ಗುಬ್ಬಿಯಲ್ಲಿ ಮಂಡಿಯ ಜಗಲಿ ಮೇಲೆ ನಿಂತು ತೋರಿಸುತ್ತಿದ್ದೆ. ಚೇಳೂರು ಕಡೆಯ ರೈತರೊಬ್ಬರು ತಮ್ಮ ಅಡಿಕೆ ರಾಶಿ ಪಕ್ಕದಲ್ಲೇ ನಿಂತಿದ್ದರು. ಬಗ್ಗಿ ತೆರೆ ನೋಡಿದರು. ತಮ್ಮ ಹೆಸರು ಓದಿಕೊಂಡರು, ಕನ್ನಡದಲ್ಲಿತ್ತು, ಓದಲು ಬಂತು. ಆಮೇಲೆ ಹೆಬ್ಬೆರಳನ್ನು ಫೋಟೋ ಮೇಲಿಟ್ಟು, “ತಾಯಿ, ಹೆಸ್ರು ನಮ್ಮದೇಯ. ಮಾಲು ನಮ್ಮದಲ್ಲ” ಎಂದರು. ನೋಡಿದರೆ ಫೋಟೋದಲ್ಲಿ ಬಣ್ಣಗೆಟ್ಟ ಅಡಿಕೆ. ಅವರ ಕಾಲ ಬಳಿ ಇದ್ದದ್ದು ಕೆಂಪಗೆ ಹೊಳೆಯುವ ರಾಶಿ. ಒಂದು ಕ್ಷಣದಲ್ಲಿ ಫೋಟೋ ತಾನಾಗೇ ಬದಲಾಗಿ ಸರಿಯಾಯಿತು. ಆದರೆ ಆ ಕ್ಷಣದಲ್ಲೇ ದಾವಣಗೆರೆಯಲ್ಲೋ ಶಿವಮೊಗ್ಗದಲ್ಲೋ ಕೂತ ವರ್ತಕರು ನೋಡಿ ಮುಂದಕ್ಕೆ ತಳ್ಳಿದ್ದರೆ? ಆ ಸುಗ್ಗಿಯಲ್ಲಿ ಕ್ವಿಂಟಾಲಿಗೆ 45,000 ರೂಪಾಯಿ ಮೇಲೆ ಹೋಗುತ್ತಿದ್ದ ಸರಕು ಅದು. ವರ್ಷದ ದುಡಿಮೆ.

ಕಾರಣ ಐಫೋನಿನಲ್ಲಿ ಪಟ್ಟಿ ತೋರಿಸುವ ಟೇಬಲ್ ವ್ಯೂ ಕೆಲಸ ಮಾಡುವ ರೀತಿಯಲ್ಲೇ ಇದೆ. ಸಾವಿರ ಲಾಟಿದ್ದರೂ ಅದು ಸಾವಿರ ಸಾಲು ಕಟ್ಟುವುದಿಲ್ಲ. ತೆರೆಗೆ ಸಾಲುವಷ್ಟು ಕಟ್ಟಿ, ಮೇಲಿಂದ ಆಚೆ ಹೋದ ಸಾಲನ್ನೇ ಕೆಳಗೆ ತಂದು ಹೊಸ ವಿವರ ತುಂಬುತ್ತದೆ. ಮಂಡಿಯಲ್ಲಿ ಒಬ್ಬರ ಮಾಲು ಸುರಿದ ಗೋಣಿಚೀಲಕ್ಕೇ ಇನ್ನೊಬ್ಬರ ಮಾಲು ತುಂಬುವಂತೆ. ಹಾಗೆ ತುಂಬುವ ಹಮಾಲರು ಚೀಲದ ಮೇಲಿನ ಹಳೇ ಗುರುತನ್ನು ಮೊದಲು ಹೊಡೆದುಹಾಕುತ್ತಾರೆ. ಈ ಕೋಡು ಹೊಡೆದುಹಾಕುತ್ತಿರಲಿಲ್ಲ. ಹಳೆಯ ಸಾಲಿಗೆಂದು ಹೊರಟಿದ್ದ ಫೋಟೋ ತಡವಾಗಿ ಬಂದು, ಅಷ್ಟರಲ್ಲಿ ಬೇರೆ ರೈತರದಾಗಿದ್ದ ಸಾಲಿನಲ್ಲಿ ಕೂತುಬಿಡುತ್ತಿತ್ತು. ಪಟ್ಟಿ ಕುಂಟುತ್ತಿದ್ದಾಗ ಯಾರೂ ಅಷ್ಟು ವೇಗವಾಗಿ ತಳ್ಳುತ್ತಿರಲಿಲ್ಲ, ಹಾಗಾಗಿ ಕಣ್ಣಿಗೆ ಬಿದ್ದಿರಲಿಲ್ಲ. ಅವತ್ತೇ ಮಂಡಿಯ ಬೆಂಚಿನ ಮೇಲೆ ಕೂತು ಸರಿಮಾಡಿದೆ. ಸಾಲು ಮರುಬಳಕೆಗೆ ಹೋಗುವಾಗ ಹಳೆಯ ಫೋಟೋ ಖಾಲಿ ಮಾಡಬೇಕು, ಬಾಕಿ ಇರುವ ಬೇಡಿಕೆ ರದ್ದು ಮಾಡಬೇಕು. ಫೋಟೋ ಬಂದಮೇಲೂ ಆ ಸಾಲು ಅದೇ ಲಾಟ್ ನಂಬರಿನದೇ ಎಂದು ಕೇಳಿ ನೋಡಿ ಆಮೇಲೆ ಕೂರಿಸಬೇಕು. ಆ ರೈತರು ಸರಿಯಾಗುವವರೆಗೂ ಅಲ್ಲೇ ಕೂತಿದ್ದರು. ಅವರ ಸಾಲನ್ನು ಮೇಲೆ ಕೆಳಗೆ ತಳ್ಳಿ ತಳ್ಳಿ ತೋರಿಸಿದೆ. “ಈಗ ನಮ್ಮದೇಯ” ಎಂದು ಹೇಳಿ ಎದ್ದುಹೋದರು.

ಉಳಿದದ್ದನ್ನು ಬೇಗ ಹೇಳಿ ಮುಗಿಸುತ್ತೇನೆ. ಸಾಲಿನ ಸುತ್ತ ಅಲಂಕಾರಕ್ಕೆ ಹಾಕಿದ್ದ ನೆರಳಿನ ಆಕಾರವನ್ನು ಫೋನೇ ಪ್ರತಿ ಸಲ ಲೆಕ್ಕ ಹಾಕುತ್ತಿತ್ತು, ಆಕಾರವನ್ನು ಮೊದಲೇ ಕೊಟ್ಟೆ. ಒಂದು ಲಾಟಿನ ತೂಕ ಬದಲಾದರೆ ಇಡೀ ಪಟ್ಟಿ ಹೊಸದಾಗುತ್ತಿತ್ತು. 2019ರ ಐಒಎಸ್ 13ರಿಂದ ಬದಲಾದ ಸಾಲನ್ನಷ್ಟೇ ಮುಟ್ಟುವ ವ್ಯವಸ್ಥೆ ಇದೆ, ಅದಕ್ಕೆ ಬದಲಿಸಿದೆ. ಮುಂದೆ ಬರಲಿರುವ ಸಾಲಿನ ಫೋಟೋ ಮೊದಲೇ ತರಿಸಿಡುವ ಸೌಲಭ್ಯ 2016ರಿಂದಲೇ ಇತ್ತು, ಯಾರೂ ಮುಟ್ಟಿರಲಿಲ್ಲ.

ಸಾಲಿನ ಎತ್ತರದ ಬಗ್ಗೆ ಮಾತ್ರ ಎರಡು ಮಾತು ಹೆಚ್ಚು ಹೇಳಬೇಕು. ಕನ್ನಡಕ್ಕೆ ನಿಜವಾಗಿ ಬೇಕಾದ ಮುತುವರ್ಜಿ ಅಲ್ಲಿದೆ. ನಮ್ಮ ಅಕ್ಷರ ಕೆಳಕ್ಕೆ ಇಳಿಯುತ್ತದೆ. ‘ಸಿದ್ಧಲಿಂಗೇಶ್ವರ’ ಎಂಬ ಹೆಸರು ನಮ್ಮ ಸೀಮೆಯಲ್ಲಿ ಮನೆಗೊಂದು. ಇಂಗ್ಲಿಷಿಗೆ ಸಾಕಾಗುವ ಎತ್ತರದಲ್ಲಿ ಅದನ್ನು ತುರುಕಿದರೆ ಧ ಒತ್ತು, ವ ಒತ್ತು ಅರ್ಧಕ್ಕೆ ಕತ್ತರಿಸಿಹೋಗುತ್ತವೆ. ಎತ್ತರವನ್ನು ಫೋನಿನ ಪಾಡಿಗೆ ಬಿಟ್ಟರೆ ಅದು ಮೊದಲು ಅಂದಾಜು ಮಾಡಿ ಆಮೇಲೆ ತಿದ್ದಿಕೊಳ್ಳುತ್ತದೆ, ಪಟ್ಟಿ ಹಾರಿದಂತೆ ಕಾಣುತ್ತಿದ್ದದ್ದು ಅದರಿಂದ. ಒಂದೊಂದು ಲಾಟಿನ ಎತ್ತರವನ್ನೂ ಹಿನ್ನೆಲೆಯಲ್ಲಿ ಒಮ್ಮೆ ಲೆಕ್ಕ ಹಾಕಿ ಬರೆದಿಟ್ಟುಕೊಂಡೆ, ಅಕ್ಷರದ ಗಾತ್ರ ಬದಲಿಸಿದಾಗ ಮಾತ್ರ ಹೊಸ ಲೆಕ್ಕ. ರೈಟರು ಅಕ್ಷರ ದೊಡ್ಡದು ಮಾಡಿಕೊಂಡು ಓದುವವರು, ಆ ಅಳತೆಯಲ್ಲೂ ಒಂದು ಒತ್ತೂ ಕತ್ತರಿಸದೆ ಇರುವುದನ್ನು ನೋಡಿಯೇ ಬಿಟ್ಟೆ.

ಮತ್ತೆ ಎಲ್ಲರೂ ಸೇರಿದಾಗ ಅದೇ ಸೀಳುಗಾಜಿನ ಫೋನನ್ನು ಮೇಜಿನ ಮೇಲಿಟ್ಟೆ. ಕನ್ನಡದಲ್ಲೇ ತಳ್ಳಿದೆ. ಹಿರಿಯರು ಫೋನು ಕೈಗೆ ತೆಗೆದುಕೊಂಡು ತಾವೇ ತಳ್ಳಿದರು, ಪ್ರೊಫೈಲರಿನ ಲೆಕ್ಕ ನೋಡಿದರು. ಕನ್ನಡ ತೆಗೆಯುವ ಮಾತನ್ನು ಅವರು ಆಮೇಲೆ ಎತ್ತಲಿಲ್ಲ. ಮಂಡಿಯವರು ಬಾಕಿ ಕೊಟ್ಟರು, ಆಫೀಸಿನಲ್ಲಿ ಸಂಬಳ ಆಯಿತು.

ಪರಿವರ್ತನೆಯಲ್ಲಿ ಕೆಟ್ಟ ಹೆಸರುಗಳನ್ನು ತಿದ್ದುವುದು ಮಾತ್ರ ಇನ್ನೂ ನಡೆಯುತ್ತಿದೆ. ಹಳೇ ಸಂಕೇತದಲ್ಲಿ ಅರ್ಕಾವೊತ್ತು ಅಕ್ಷರದ ನಂತರ ಬರುತ್ತದೆ, ಯೂನಿಕೋಡಿನಲ್ಲಿ ಅದು ಮುಂಚೆ ಇರಬೇಕು. ಸರಿಯಾಗಿ ಹಿಂದಕ್ಕೆ ಸರಿಸದಿದ್ದರೆ ಮಾರ್ಕೋನಹಳ್ಳಿ ‘ಮಾಕೋರ್ನಹಳ್ಳಿ’ ಆಗುತ್ತದೆ. ಇಂಥವನ್ನು ಯಂತ್ರ ಹುಡುಕಿ ಕೊಡುತ್ತದೆ, ಸರಿಯೋ ತಪ್ಪೋ ಹೇಳುವವರು ರೈಟರೇ. ಶನಿವಾರ ಮಧ್ಯಾಹ್ನ ಗುಬ್ಬಿಗೆ ಹೋಗಿ ಅವರ ಪಕ್ಕ ಕೂರುತ್ತೇನೆ. ನಾನು ಓದುತ್ತೇನೆ, ಅವರು ಹಳೇ ಪುಸ್ತಕ ತೆಗೆದು ಹೌದು ಅಲ್ಲ ಎನ್ನುತ್ತಾರೆ. ಬರುವ ಸುಗ್ಗಿಗೆ ಹುಲಿಯೂರುದುರ್ಗ, ಅಮೃತೂರು, ಎಡೆಯೂರು ಹೋಬಳಿಗಳ ಹಳ್ಳಿಗಳೂ ಸೇರಲಿವೆ. ಅಷ್ಟರಲ್ಲಿ ಆಂಡ್ರಾಯ್ಡ್ ಆವೃತ್ತಿ ಬರಬೇಕು, ಯಾಕೆಂದರೆ ರೈತರ ಕೈಯಲ್ಲಿರುವುದು ಅದೇ ಫೋನು. ಅಲ್ಲಿ ಇದೇ ಕೆಲಸಕ್ಕೆ ರಿಸೈಕ್ಲರ್ ವ್ಯೂ ಇದೆ, ಸಾಲು ಮರುಬಳಕೆಯ ಕಟ್ಟಳೆ ಅಲ್ಲೂ ಒಂದೇ. ಪರೀಕ್ಷೆಗೆ ರೈತರ ಹತ್ತಿರ ಇರುವಂಥ ಕಡಿಮೆ ಬೆಲೆಯ ಫೋನನ್ನೇ ಕೊಡಿಸಿ ಎಂದು ಆಫೀಸಿನಲ್ಲಿ ಬರೆದುಕೊಟ್ಟಿದ್ದೇನೆ, ಮೊದಲ ಅಳತೆ ಕನ್ನಡದಲ್ಲೇ ಆಗಬೇಕು ಎಂದೂ.